ನಗರಕ್ಕೆ ಪೂರ್ತಿ ಮಾಸ್ಟರ್ ಪ್ಲಾನ್ ಬೇಕೇ? ಪರ – ವಿರೋಧ

ಪ್ರಶ್ನೆ ಇಷ್ಟು. ಒಂದು ನಗರ ಮುಂದಿನ ಇಪ್ಪತ್ತು ಮೂವತ್ತು ವರ್ಷ ಹೇಗೆ ಬೆಳೆಯಬೇಕು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಎಲ್ಲಿ ಪಾರ್ಕು ಅಂತ ಮೊದಲೇ ನಕ್ಷೆ ಬರೆದು ಅದನ್ನೇ ಕಾನೂನು ಮಾಡಬೇಕೇ? ನಗರ ಯೋಜನೆಯ ಸಿದ್ಧಾಂತದಲ್ಲಿ ಏನೇ ಓದಿದರೂ ಜಗಳ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಎರಡೂ ಕಡೆಯ ವಾದವನ್ನು ಅದನ್ನು ನಂಬಿದವರು ಹೇಳುವ ಹಾಗೆಯೇ ಬರೆಯಲು ನೋಡಿದ್ದೇನೆ. ನನ್ನ ಒಲವು ಎರಡನೆಯದರ ಕಡೆಗೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಲನೆಯದಕ್ಕೆ ಉತ್ತರ ಕೊಡುವುದು ಸುಲಭ ಅಂತ ಯಾರೂ ಅಂದುಕೊಳ್ಳಬೇಡಿ.

ಪರ: ಮೊದಲೇ ಗೆರೆ ಎಳೆಯದಿದ್ದರೆ ಆಮೇಲೆ ಎಳೆಯಲು ಜಾಗವೇ ಇರುವುದಿಲ್ಲ

ಖಾಲಿ ಹೊಲದಲ್ಲಿ ರಸ್ತೆ ಮಾಡಲು ಒಂದು ಗೆರೆ ಸಾಕು. ಅದೇ ಹೊಲದಲ್ಲಿ ಇನ್ನೂರು ಮನೆ ಎದ್ದ ಮೇಲೆ ರಸ್ತೆ ಮಾಡಬೇಕಾದರೆ ಭೂಸ್ವಾಧೀನ, ಪರಿಹಾರ, ಕೋರ್ಟು, ಬೀದಿಗೆ ಬಿದ್ದ ಸಂಸಾರಗಳು. ಕಟ್ಟಡ ಐವತ್ತು ವರ್ಷಕ್ಕೆ ಬಿದ್ದು ಇನ್ನೊಂದು ಏಳುತ್ತದೆ. ರಸ್ತೆಯ ಗೆರೆ ಮಾತ್ರ ನೂರಾರು ವರ್ಷ ಹಾಗೇ ಉಳಿಯುತ್ತದೆ, ಸರಿಯಾಗಿದ್ದರೂ ಸರಿ, ತಪ್ಪಾಗಿದ್ದರೂ ಸರಿ. ಯೋಜನೆ ಬೇಕು ಅನ್ನುವವರ ಮೊದಲ ಮಾತು ಇದೇ, ಮತ್ತು ಇದು ಬಹಳ ಗಟ್ಟಿ ಮಾತು.

1811ರಲ್ಲಿ ನ್ಯೂಯಾರ್ಕ್‌ನ ಕಮಿಷನರುಗಳು ಮ್ಯಾನ್‌ಹಟ್ಟನ್ ದ್ವೀಪದ ಮೇಲೆ ಚೌಕಳಿ ನಕ್ಷೆ ಹಾಕಿದಾಗ ಆ ನಗರದ ಜನಸಂಖ್ಯೆ ಒಂದು ಲಕ್ಷವೂ ಇರಲಿಲ್ಲ. ಜನ ಇದ್ದದ್ದು ದ್ವೀಪದ ದಕ್ಷಿಣ ತುದಿಯಲ್ಲಿ, ಮಿಕ್ಕಿದ್ದೆಲ್ಲ ಹೊಲ, ಗುಡ್ಡ, ಜೌಗು. ಆದರೂ ಅವರು 155ನೇ ಬೀದಿಯವರೆಗೆ ಗೆರೆ ಎಳೆದರು. ಸಾಮಾನ್ಯ ಬೀದಿಗೆ 60 ಅಡಿ, ಅವೆನ್ಯೂಗಳಿಗೆ 100 ಅಡಿ. ಕಾರು, ಲಿಫ್ಟು, ವಿದ್ಯುತ್ತು ಯಾವುದನ್ನೂ ಅವರು ಕಂಡವರಲ್ಲ. ಅದಾಗಿ 93 ವರ್ಷಕ್ಕೆ, 1904ರಲ್ಲಿ, ಸುರಂಗ ರೈಲು ಓಡಿಸಲು ಹೊರಟಾಗ ಬೀದಿಗಳ ಅಡಿಯಲ್ಲಿ ಜಾಗ ಸಿಕ್ಕಿತು.

ಅದೇ ನಕ್ಷೆ ಬಿಟ್ಟದ್ದನ್ನೂ ನೋಡಬೇಕು. ಅದರಲ್ಲಿ ದೊಡ್ಡ ಉದ್ಯಾನಕ್ಕೆ ಜಾಗ ಇರಲಿಲ್ಲ. ಸೆಂಟ್ರಲ್ ಪಾರ್ಕ್ ಬೇಕು ಅಂತ 1850ರ ದಶಕದಲ್ಲಿ ಅನ್ನಿಸಿದಾಗ ನಗರ ದುಡ್ಡು ಕೊಟ್ಟು ಜಮೀನು ವಶಪಡಿಸಿಕೊಳ್ಳಬೇಕಾಯಿತು. ಅಲ್ಲಿ ಸೆನೆಕಾ ವಿಲೇಜ್ ಅನ್ನುವ ಊರಿತ್ತು, ಕಪ್ಪು ಜನ ಸ್ವಂತ ಜಾಗ ಕೊಂಡು ಮನೆ, ಚರ್ಚು, ಶಾಲೆ ಕಟ್ಟಿಕೊಂಡಿದ್ದ ಊರು. 1857ಕ್ಕೆ ಅದನ್ನು ಪೂರ್ತಿ ತೆರವು ಮಾಡಿದರು. ಮೊದಲೇ ಬಿಡದ ಜಾಗವನ್ನು ಆಮೇಲೆ ಪಡೆಯುವಾಗ ಅದರ ಬೆಲೆ ಯಾವಾಗಲೂ ದುರ್ಬಲರ ತಲೆಯ ಮೇಲೇ ಬೀಳುತ್ತದೆ, ಅಲ್ವಾ?

ಬಾರ್ಸಿಲೋನಾದ ಇಲ್ಡೆಫೊನ್ಸ್ ಸೆರ್ದಾ ಇನ್ನೂ ಆಳಕ್ಕೆ ಹೋದವನು. ಕೋಟೆಗೋಡೆಯ ಒಳಗೆ ಜನ ಕಿಕ್ಕಿರಿದು ಕಾಲರಾದಿಂದ ಸಾಯುತ್ತಿದ್ದ ಕಾಲ ಅದು. ಅವನು ಮೊದಲು ಮಾಡಿದ ಕೆಲಸ ಲೆಕ್ಕ: ಕೂಲಿಕಾರರ ಸಂಬಳ ಎಷ್ಟು, ಬಾಡಿಗೆ ಎಷ್ಟು, ಒಬ್ಬೊಬ್ಬರಿಗೆ ಎಷ್ಟು ಗಾಳಿ, ಎಷ್ಟು ಜಾಗ, ಯಾವ ಬೀದಿಯಲ್ಲಿ ಎಷ್ಟು ಸಾವು. ಅಲ್ಲಿಂದ ಹುಟ್ಟಿದ್ದು 1859ರ ವಿಸ್ತರಣಾ ಯೋಜನೆ. 113 ಮೀಟರ್ ಚೌಕದ ಬ್ಲಾಕುಗಳು, ಕನಿಷ್ಠ 20 ಮೀಟರ್ ಅಗಲದ ಬೀದಿಗಳು, ಪ್ರತಿ ಬ್ಲಾಕಿನ ಮೂಲೆ ಓರೆಯಾಗಿ ಕತ್ತರಿಸಿದ್ದು. ಮುಂದೆ ಬೀದಿಯಲ್ಲೇ ಉಗಿ ಬಂಡಿ ಓಡಬಹುದು, ತಿರುಗಲು ಜಾಗ ಬೇಕು ಅಂತ ಅವನ ಎಣಿಕೆ. ಉಗಿ ಬಂಡಿ ಬರಲಿಲ್ಲ. ಟ್ರಾಮು, ಬಸ್ಸು, ಕಾರು, ಈಗ ಸೈಕಲ್ಲು ಬಂದವು, ಎಲ್ಲಕ್ಕೂ ಆ ಬೀದಿ ಸಾಕಾಯಿತು. 1867ರಲ್ಲಿ ನಗರೀಕರಣಕ್ಕೇ ಒಂದು ಸಾಮಾನ್ಯ ಸಿದ್ಧಾಂತ ಬರೆದವನೂ ಇವನೇ.

ಇನ್ನು ಚರಂಡಿ. ಲಂಡನ್‌ನಲ್ಲಿ 1854ರಲ್ಲಿ ಜಾನ್ ಸ್ನೋ ಅನ್ನುವ ವೈದ್ಯ ಬೀದಿಯ ಒಂದು ನೀರಿನ ಪಂಪಿನ ಸುತ್ತ ಕಾಲರಾ ಸಾವುಗಳನ್ನು ಗುರುತು ಹಾಕಿ ತೋರಿಸಿದ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಸಂಸತ್ತಿನ ಒಳಗೂ ಕೂರಲಾಗದಷ್ಟು ನಾರಿತು. ಆಮೇಲೆ ಎಂಜಿನಿಯರ್ ಜೋಸೆಫ್ ಬೇಜಲ್ಜೆಟ್ ಇಡೀ ನಗರಕ್ಕೆ ಒಳಚರಂಡಿ ಕಟ್ಟಿದ. ಒಳಚರಂಡಿ ಹರಿಯುವುದು ಇಳಿಜಾರಿನಲ್ಲಿ. ಆ ಇಳಿಜಾರನ್ನು ಇಡೀ ನಗರಕ್ಕೆ ಒಟ್ಟಾಗಿ ಲೆಕ್ಕ ಹಾಕಬೇಕು. ಒಬ್ಬೊಬ್ಬ ಮನೆಯವನು ತನ್ನಷ್ಟಕ್ಕೆ ಎಷ್ಟೇ ಬುದ್ಧಿವಂತನಾಗಿದ್ದರೂ ಇದನ್ನು ಮಾಡಲಾರ. ಮಾರುಕಟ್ಟೆಯೂ ಮಾಡಲಾರದು.

ಹಾಗೆಯೇ ಒಬ್ಬರ ಕೆಲಸದ ತೊಂದರೆ ಇನ್ನೊಬ್ಬರ ಮೇಲೆ ಬೀಳುವುದನ್ನು ಯಾರು ತಡೆಯಬೇಕು? ಕಾರ್ಖಾನೆಯ ಹೊಗೆ ಪಕ್ಕದ ಮನೆಗೆ ಹೋಗುತ್ತದೆ, ಎತ್ತರದ ಕಟ್ಟಡ ಎದುರಿನವರ ಬಿಸಿಲು ಕಸಿಯುತ್ತದೆ. 1915ರಲ್ಲಿ ನ್ಯೂಯಾರ್ಕ್‌ನಲ್ಲಿ ಎಕ್ವಿಟೆಬಲ್ ಬಿಲ್ಡಿಂಗ್ ಬೀದಿಯ ಅಂಚಿನಿಂದಲೇ ನೇರ ಮೇಲೆದ್ದು ಸುತ್ತಲೂ ನೆರಳು ಕವಿಸಿತು. ಮರುವರ್ಷವೇ ಆ ನಗರದಲ್ಲಿ ಝೋನಿಂಗ್ ಕಾನೂನು, ಅಂದರೆ ಯಾವ ವಲಯದಲ್ಲಿ ಏನು, ಎಷ್ಟು ಎತ್ತರ ಕಟ್ಟಬಹುದು ಅಂತ ಹೇಳುವ ಕಾನೂನು, ಬಂತು. 1926ರಲ್ಲಿ ಯೂಕ್ಲಿಡ್ ಅನ್ನುವ ಊರಿನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಝೋನಿಂಗ್ ಸರಿ ಅಂತ ಹೇಳಿತು.

ನನಗೆ ಇಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಎಬೆನೆಜರ್ ಹೊವಾರ್ಡ್ 1898ರಲ್ಲಿ ಎತ್ತಿದ ಭೂಮಿಯ ಬೆಲೆಯ ಮಾತು. ಅವನು ಕಲ್ಪಿಸಿದ ಗಾರ್ಡನ್ ಸಿಟಿ ಅಂದರೆ ಹೂವಿನ ಗಿಡ, ಹಂಚಿನ ಮನೆ ಅಂತ ಜನ ಅಂದುಕೊಳ್ಳುತ್ತಾರೆ. ಅವನ ಮೂಲ ಯೋಚನೆ ಲೆಕ್ಕಪತ್ರದ್ದು. 6,000 ಎಕರೆ ಕೃಷಿ ಜಮೀನನ್ನು ಕೃಷಿ ಬೆಲೆಗೇ ಕೊಳ್ಳುವುದು, ಅದರಲ್ಲಿ 1,000 ಎಕರೆಯಲ್ಲಿ ಊರು, ಮಿಕ್ಕಿದ್ದು ಹಸಿರು, ಒಟ್ಟು 32,000 ಜನ. ಜನ ಬಂದು ನೆಲೆಸಿದ ಮೇಲೆ ಭೂಮಿಯ ಬೆಲೆ ಏರುತ್ತದೆ. ಏರಿಸಿದವರು ಅಲ್ಲಿ ಬದುಕುವ ಎಲ್ಲರೂ, ಹಾಗಾಗಿ ಆ ಲಾಭ ಊರಿನ ಸಾಮೂಹಿಕ ನಿಧಿಗೆ ಹೋಗಬೇಕು, ಅದರಿಂದಲೇ ಶಾಲೆ, ಆಸ್ಪತ್ರೆ, ರಸ್ತೆ ನಡೆಯಬೇಕು. 1903ರಲ್ಲಿ ಇಂಗ್ಲೆಂಡಿನ ಲೆಚ್‌ವರ್ತ್‌ನಲ್ಲಿ ಇದನ್ನು ಶುರು ಮಾಡಿಯೂ ಬಿಟ್ಟರು. ಯೋಜನೆ ಇಲ್ಲದ ಕಡೆ ಏನಾಗುತ್ತದೆ? ರಸ್ತೆ ಎಲ್ಲಿ ಬರುತ್ತದೆ ಅಂತ ಮೊದಲು ಗೊತ್ತಾದವರು ಜಮೀನು ಕೊಂಡು ಕೂರುತ್ತಾರೆ, ಸಾರ್ವಜನಿಕರ ದುಡ್ಡಿನಲ್ಲಿ ಆದ ರಸ್ತೆಯ ಲಾಭ ನಾಲ್ಕು ಜನರ ಜೇಬಿಗೆ ಹೋಗುತ್ತದೆ.

ರಸ್ತೆ, ರೈಲು, ಕಟ್ಟಡ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಜೋಡಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಕೋಪನ್‌ಹೇಗನ್ ಇದೆ. 1947ರ ಅಲ್ಲಿನ ಯೋಜನೆಯಲ್ಲಿ ನಗರ ಐದು ಬೆರಳಿನ ಹಾಗೆ ರೈಲು ಮಾರ್ಗದ ಉದ್ದಕ್ಕೂ ಬೆಳೆಯಬೇಕು, ಬೆರಳುಗಳ ನಡುವೆ ಹಸಿರು ಉಳಿಯಬೇಕು ಅಂತ ಇತ್ತು. ಬ್ರೆಜಿಲ್‌ನ ಕುರಿಚೀಬಾದಲ್ಲಿ 1974ರಿಂದ ಬಸ್ಸಿಗೇ ಮೀಸಲಾದ ದಾರಿ ಬಂತು, ಎತ್ತರದ ಕಟ್ಟಡಗಳನ್ನು ಆ ದಾರಿಗಳ ಪಕ್ಕಕ್ಕೇ ಸೇರಿಸಲಾಯಿತು. ಜನ ಇರುವಲ್ಲಿ ಬಸ್ಸು, ಬಸ್ಸಿರುವಲ್ಲಿ ಜನ. ಇದು ತನ್ನಷ್ಟಕ್ಕೆ ತಾನೇ ಆಗುವ ಕೆಲಸವಲ್ಲ.

ಯೋಜನೆ ಅಂದರೆ ಅಧಿಕಾರಿಗಳ ದರ್ಬಾರು ಅನ್ನುವವರಿಗೂ ಒಂದು ಉತ್ತರ ಇದೆ. ಬರೆದ ನಕ್ಷೆ ಇದ್ದರೆ ಅದಕ್ಕೆ ಆಕ್ಷೇಪಣೆ ಹಾಕಬಹುದು, ಕೋರ್ಟಿಗೆ ಒಯ್ಯಬಹುದು. ನಕ್ಷೆಯೇ ಇಲ್ಲದಿದ್ದರೆ ಒಂದೊಂದು ಸೈಟಿನ ತೀರ್ಮಾನವೂ ಮುಚ್ಚಿದ ಕೋಣೆಯಲ್ಲಿ ಆಗುತ್ತದೆ. 1965ರಲ್ಲಿ ಪಾಲ್ ಡೇವಿಡಾಫ್ ಹೇಳಿದ್ದು, ಬಡವರಿಗೆ ವಕೀಲರು ಬೇಕಾದ ಹಾಗೆ ಅವರ ಪರವಾಗಿ ಬದಲಿ ಯೋಜನೆ ಬರೆಯುವ ಯೋಜಕರೂ ಬೇಕು ಅಂತ. ಬದಲಿ ಬರೆಯಬೇಕಾದರೆ ಮೊದಲು ಮೂಲ ಯೋಜನೆ ಅಂತ ಒಂದು ಮೇಜಿನ ಮೇಲೆ ಇರಬೇಕಲ್ಲ. 1969ರಲ್ಲಿ ಶೆರಿ ಆರ್ನ್‌ಸ್ಟೈನ್ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಕೆಳಗಿನ ಮೆಟ್ಟಿಲಿನಲ್ಲಿ ಬರೀ ಕಣ್ಣೊರೆಸುವಿಕೆ, ಮೇಲಿನದರಲ್ಲಿ ನಿಜವಾದ ಅಧಿಕಾರ. ಆ ಏಣಿ ಹತ್ತಬೇಕು ಸರಿ, ಏಣಿಯನ್ನೇ ತೆಗೆದು ಬಿಸಾಡಿದರೆ ಯಾರಿಗೆ ಲಾಭ?

ಯೋಜಕರಲ್ಲಿ ವಿನಯ ಇದ್ದವರೂ ಇದ್ದರು. 1910ರ ದಶಕದಲ್ಲಿ ಪ್ಯಾಟ್ರಿಕ್ ಗೆಡ್ಡಿಸ್ ಭಾರತಕ್ಕೆ ಬಂದು ಊರೂರು ಸುತ್ತಿ ವರದಿಗಳನ್ನು ಬರೆದ. ಮೊದಲು ಸಮೀಕ್ಷೆ, ಆಮೇಲೆ ಯೋಜನೆ ಅನ್ನುವುದು ಅವನ ನಿಯಮ. ಹಳೇ ಪೇಟೆಯ ಮಧ್ಯೆ ಅಗಲ ರಸ್ತೆ ಕೊರೆಯುವ ಬದಲು, ತೀರಾ ಹಾಳಾದ ಕೆಲವು ಮನೆ ಮಾತ್ರ ತೆಗೆದು ಗಾಳಿ ಬೆಳಕಿಗೆ ಜಾಗ ಮಾಡಿ, ಮಿಕ್ಕಿದ್ದನ್ನು ಮುಟ್ಟಬೇಡಿ ಅಂತ ಅವನು ಹೇಳುತ್ತಿದ್ದ.

ಕೊನೆಯದಾಗಿ, ಎಲ್ಲಿ ಕಟ್ಟಬಾರದು ಅನ್ನುವುದನ್ನು ಮೊದಲೇ ಹೇಳಲೇಬೇಕು. ಇಯಾನ್ ಮೆಕ್‌ಹಾರ್ಗ್ 1969ರಲ್ಲಿ ಮಣ್ಣು, ಇಳಿಜಾರು, ನೆರೆ ಬರುವ ಜಾಗ, ಕಾಡು ಎಲ್ಲಕ್ಕೂ ಬೇರೆ ಬೇರೆ ನಕ್ಷೆ ಮಾಡಿ ಒಂದರ ಮೇಲೊಂದು ಇಟ್ಟು ನೋಡುವ ವಿಧಾನವನ್ನು ಜನಪ್ರಿಯ ಮಾಡಿದ. ನೀರು ಹರಿಯುವ ಜಾಗದಲ್ಲಿ ಮನೆ ಕಟ್ಟಿದವನಿಗೆ ಮೊದಲ ಹತ್ತು ವರ್ಷ ಏನೂ ಆಗದಿರಬಹುದು. ಹನ್ನೊಂದನೇ ವರ್ಷ ನೀರು ತನ್ನ ಜಾಗಕ್ಕೆ ಬರುತ್ತದೆ, ಆಗ ಮುಳುಗುವುದು ಮನೆ ಕೊಂಡವನು, ಮಾರಿ ಹೋದವನು ಅಲ್ಲ.

ವಿರೋಧ: ಗೆರೆ ಎಳೆಯಿರಿ, ಆದರೆ ಜನರ ಬದುಕಿಗೆ ಬಣ್ಣ ಬಳಿಯಬೇಡಿ

ಮೇಲಿನ ಉದಾಹರಣೆಗಳನ್ನೇ ಮತ್ತೊಮ್ಮೆ ನೋಡೋಣ, ಯಾಕೆಂದರೆ ಅವು ಹೇಳುವ ಕಥೆ ಬೇರೆ.

1811ರ ಮ್ಯಾನ್‌ಹಟ್ಟನ್ ನಕ್ಷೆಯಲ್ಲಿ ಇದ್ದದ್ದು ಬೀದಿ, ಬ್ಲಾಕು, ಕೆಲವು ಸಾರ್ವಜನಿಕ ಜಾಗಗಳು. ಎಲ್ಲಿ ಮನೆ, ಎಲ್ಲಿ ಅಂಗಡಿ, ಕಟ್ಟಡ ಎಷ್ಟು ಎತ್ತರ, ಯಾವುದನ್ನೂ ಅದು ಹೇಳಲಿಲ್ಲ. ಒಂದೇ ಸೈಟು ಮೊದಲು ಮನೆ, ಆಮೇಲೆ ವರ್ಕ್‌ಶಾಪು, ಆಮೇಲೆ ಆಫೀಸು, ಮತ್ತೆ ಮನೆ ಆಗಬಹುದಿತ್ತು. ಝೋನಿಂಗ್ ಬರುವ ಹೊತ್ತಿಗೆ ಆ ನಗರ ನೂರೈದು ವರ್ಷ ಹಾಗೆಯೇ ಬೆಳೆದಿತ್ತು. ಆ ಯೋಜನೆ ಗೆದ್ದದ್ದು ಬರೆದದ್ದರಿಂದ ಎಷ್ಟೋ, ಬರೆಯದೆ ಬಿಟ್ಟದ್ದರಿಂದಲೂ ಅಷ್ಟೇ.

ಸೆರ್ದಾನ ಬಾರ್ಸಿಲೋನಾವೂ ಹಾಗೆಯೇ. ಅವನ ಮನಸ್ಸಿನಲ್ಲಿದ್ದ ಬ್ಲಾಕಿನಲ್ಲಿ ಸಾಮಾನ್ಯವಾಗಿ ಎರಡೇ ಬದಿಗೆ ಕಟ್ಟಡ, ನಡುವೆ ತೋಟ. ಕೆಲವೇ ದಶಕಗಳಲ್ಲಿ ನಾಲ್ಕೂ ಬದಿ ತುಂಬಿತು, ಮಹಡಿ ಏರಿತು, ತೋಟದ ಜಾಗಕ್ಕೆ ಗೋದಾಮು, ವರ್ಕ್‌ಶಾಪು ಬಂದವು. ತೋಟ ಹೋದದ್ದು ನಿಜವಾದ ನಷ್ಟ, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಅವನ ಯೋಜನೆಯಲ್ಲಿ ಉಳಿದದ್ದು ಯಾವುದು? ಬೀದಿ. ಉಳಿಯದೇ ಹೋದದ್ದು ಯಾವುದು? ಪ್ರತಿ ಬ್ಲಾಕಿನ ಒಳಗೆ ಜನ ಹೇಗೆ ಬದುಕಬೇಕು ಅನ್ನುವ ಭಾಗ. ಅಂಗಡಿ, ಮನೆ, ಆಫೀಸು ಒಂದರ ಮೇಲೊಂದು ಬೆರೆತಿರುವ ಆ ಬ್ಲಾಕುಗಳನ್ನು ನೋಡಲು ಈಗ ಜಗತ್ತಿನ ಎಲ್ಲ ಕಡೆಯ ಯೋಜಕರು ಹೋಗುತ್ತಾರೆ.

ಹಾಗಾಗಿ ರಸ್ತೆ, ಚರಂಡಿ, ನೀರಿನ ದಾರಿ, ಸಾರ್ವಜನಿಕ ಜಾಗ ಇವುಗಳ ಬಗ್ಗೆ ತಕರಾರಿಲ್ಲ, ಪರ ವಾದದ ಅರ್ಧ ಭಾಗಕ್ಕೆ ನಾನೂ ಸಹಿ ಹಾಕುತ್ತೇನೆ. ತಕರಾರು ಇರುವುದು ಅಲ್ಲಿಂದ ಮುಂದೆ. ಪೂರ್ತಿ ಮಾಸ್ಟರ್ ಪ್ಲಾನ್ ಅಂದರೆ ವಾಸಕ್ಕೆ ಒಂದು ಬಣ್ಣ, ವ್ಯಾಪಾರಕ್ಕೆ ಇನ್ನೊಂದು, ಉದ್ಯಮಕ್ಕೆ ಮತ್ತೊಂದು ಅಂತ ಇಡೀ ನಗರವನ್ನು ಬಣ್ಣದಲ್ಲಿ ಹಂಚಿ, ಆ ಬಣ್ಣ ಮೀರಿದ ಬದುಕನ್ನೆಲ್ಲ ಅಕ್ರಮ ಅನ್ನುವುದು.

ಈ ಯೋಚನೆಗೆ ಪಕ್ಕಾ ರೂಪ ಸಿಕ್ಕಿದ್ದು 1933ರಲ್ಲಿ. ಆಧುನಿಕ ವಾಸ್ತುಶಿಲ್ಪಿಗಳ ಸಂಘ ಮಾರ್ಸೇಯಿಂದ ಅಥೆನ್ಸಿಗೆ ಹೋಗುವ ಹಡಗಿನಲ್ಲಿ ಸಭೆ ನಡೆಸಿತು. ಅದರ ತೀರ್ಮಾನಗಳನ್ನು ವಾಸ್ತುಶಿಲ್ಪಿ ಲ ಕಾರ್ಬೂಸಿಯೆ 1943ರಲ್ಲಿ ಅಥೆನ್ಸ್ ಚಾರ್ಟರ್ ಅಂತ ಪ್ರಕಟಿಸಿದ. ನಗರಕ್ಕೆ ನಾಲ್ಕು ಕೆಲಸ: ವಾಸ, ದುಡಿಮೆ, ವಿರಾಮ, ಸಂಚಾರ. ನಾಲ್ಕಕ್ಕೂ ಬೇರೆ ಬೇರೆ ಜಾಗ. ಅದಕ್ಕೂ ಮೊದಲೇ, 1925ರಲ್ಲಿ, ಪ್ಯಾರಿಸಿನ ಹಳೇ ಭಾಗವನ್ನು ಕೆಡವಿ 18 ದೈತ್ಯ ಗೋಪುರ ನಿಲ್ಲಿಸಬೇಕು ಅಂತ ಅವನು ಪ್ರಸ್ತಾಪ ಮಾಡಿದ್ದ. ಪ್ಯಾರಿಸ್ ಒಪ್ಪಲಿಲ್ಲ. ಆದರೆ ಜಗತ್ತಿನ ಬೇರೆ ಎಷ್ಟೋ ನಗರಗಳು ಆ ಮಾದರಿಯ ಚಿಕ್ಕ ಚಿಕ್ಕ ನಕಲುಗಳನ್ನು ಕಟ್ಟಿದವು.

ಬ್ರೆಜಿಲ್‌ನ ರಾಜಧಾನಿ ಬ್ರೆಸಿಲಿಯಾ ಅದರ ಅತಿ ಶುದ್ಧ ಉದಾಹರಣೆ. 1957ರಲ್ಲಿ ಲೂಸಿಯೊ ಕೋಸ್ಟಾನ ನಕ್ಷೆ ಆಯ್ಕೆಯಾಯಿತು, 1960ರ ಏಪ್ರಿಲ್ 21ಕ್ಕೆ ರಾಜಧಾನಿ ಉದ್ಘಾಟನೆ. ಮೇಲಿಂದ ನೋಡಿದರೆ ವಿಮಾನದ ಆಕಾರ, ಬಹಳ ಸುಂದರ. ಆದರೆ ಅದನ್ನು ಕಟ್ಟಿದ ಕೂಲಿಕಾರರಿಗೆ ನಕ್ಷೆಯಲ್ಲಿ ಜಾಗ ಇರಲಿಲ್ಲ. ಕೆಲಸ ಮುಗಿದ ಮೇಲೆ ಅವರು ಬಂದ ಊರಿಗೆ ವಾಪಸ್ ಹೋಗುತ್ತಾರೆ ಅಂತ ಲೆಕ್ಕ. ಅವರು ಹೋಗಲಿಲ್ಲ. ಉದ್ಘಾಟನೆಗೆ ಎರಡು ವರ್ಷ ಮೊದಲೇ, 1958ರಲ್ಲಿ, ದೂರದಲ್ಲಿ ಟಾಗ್ವಾಟಿಂಗಾ ಅನ್ನುವ ಉಪನಗರ ಮಾಡಬೇಕಾಯಿತು. ಇವತ್ತು ಆ ಪ್ರದೇಶದ ಬಹುಪಾಲು ಜನ ಮೂಲ ನಕ್ಷೆಯ ಹೊರಗೇ ಇದ್ದಾರೆ. ಪೂರ್ತಿ ನಗರವನ್ನು ಮೊದಲೇ ಬರೆದಿಟ್ಟರು, ನಗರದ ಹೆಚ್ಚಿನ ಭಾಗ ಬರೆಯದ ಕಡೆ ಬೆಳೆಯಿತು.

1961ರಲ್ಲಿ ಜೇನ್ ಜೇಕಬ್ಸ್ ಬರೆದದ್ದು ಇದಕ್ಕೆ ಬಂದ ಅತ್ಯಂತ ದೊಡ್ಡ ಉತ್ತರ. ಆಕೆ ಯೋಜನಾ ಶಾಸ್ತ್ರ ಕಲಿತವರಲ್ಲ, ಬೀದಿಯನ್ನು ನೋಡಿ ಕಲಿತವರು. ಒಂದು ಬೀದಿ ಜೀವಂತವಾಗಿರಲು ನಾಲ್ಕು ಬೇಕು ಅಂದರು: ಒಂದೇ ಜಾಗದಲ್ಲಿ ಎರಡು ಮೂರು ಬಗೆಯ ಬಳಕೆ, ಚಿಕ್ಕ ಬ್ಲಾಕುಗಳು, ಹಳೇ ಹೊಸ ಕಟ್ಟಡಗಳ ಬೆರಕೆ, ಸಾಕಷ್ಟು ಜನ. ಇದರಲ್ಲಿ ಒಂದೊಂದಕ್ಕೂ ಕಾರಣ ಇದೆ. ಬರೀ ಆಫೀಸು ಇರುವ ಬೀದಿ ಸಂಜೆ ಆರಕ್ಕೆ ಖಾಲಿ, ಬರೀ ಮನೆ ಇರುವ ಬೀದಿ ಮಧ್ಯಾಹ್ನ ಖಾಲಿ. ಎರಡೂ ಇದ್ದರೆ ಅಲ್ಲಿನ ಅಂಗಡಿಗೆ ಇಡೀ ದಿನ ಗಿರಾಕಿ ಇರುತ್ತದೆ, ಅಂಗಡಿ ತೆರೆದಿದ್ದರೆ ಬೀದಿಯ ಮೇಲೆ ಯಾರದ್ದಾದರೂ ಕಣ್ಣಿರುತ್ತದೆ, ಕಣ್ಣಿದ್ದರೆ ರಾತ್ರಿ ಒಬ್ಬಳೇ ನಡೆದು ಬರುವ ಹುಡುಗಿಗೆ ಭಯ ಕಡಿಮೆ. ಚಿಕ್ಕ ಬ್ಲಾಕು ಯಾಕೆ? ಮೂಲೆಗಳು ಜಾಸ್ತಿ, ದಾರಿಗಳು ಜಾಸ್ತಿ, ಜನ ಒಬ್ಬರಿಗೊಬ್ಬರು ಎದುರಾಗುವುದೂ ಜಾಸ್ತಿ. ಹಳೇ ಕಟ್ಟಡ ಯಾಕೆ? ಹೊಸ ಕಟ್ಟಡದ ಬಾಡಿಗೆ ಕೊಡುವ ಶಕ್ತಿ ಈಗಷ್ಟೇ ಶುರುವಾದ ಸಣ್ಣ ಕಸುಬಿಗೆ ಇರುವುದಿಲ್ಲ. ಈ ನಾಲ್ಕರಲ್ಲಿ ಮೊದಲನೆಯದನ್ನು ಬಣ್ಣದ ನಕ್ಷೆ ನೇರವಾಗಿ ನಿಷೇಧಿಸುತ್ತದೆ, ಕೊನೆಯದಕ್ಕೆ ಮಿತಿ ಹಾಕುತ್ತದೆ.

ಕ್ರಿಸ್ಟೋಫರ್ ಅಲೆಕ್ಸಾಂಡರ್ 1965ರಲ್ಲಿ ಇದನ್ನೇ ಗಣಿತದ ಕಡೆಯಿಂದ ತೋರಿಸಿದರು. ಕಾಗದದ ಮೇಲೆ ಹುಟ್ಟಿದ ನಗರದಲ್ಲಿ ಎಲ್ಲವೂ ಕೊಂಬೆ, ಕೊಂಬೆಯ ಕೊಂಬೆ ಅನ್ನುವ ಹಾಗೆ ಕವಲೊಡೆಯುತ್ತದೆ: ನಗರದೊಳಗೆ ವಿಭಾಗ, ಅದರೊಳಗೆ ಬಡಾವಣೆ, ಅದರೊಳಗೆ ಗುಂಪು ಮನೆ. ಒಂದು ತುಂಡಿಗೂ ಇನ್ನೊಂದಕ್ಕೂ ನೇರ ನಂಟಿಲ್ಲ. ಕಾಲಕ್ರಮದಲ್ಲಿ ಬೆಳೆದ ನಗರದಲ್ಲಿ ಹಾಗಿಲ್ಲ. ನನ್ನ ಮಗು ಓದುವ ಶಾಲೆ ಒಂದು ಕಡೆ, ನಾನು ಹೋಗುವ ಕ್ಲಿನಿಕ್ಕು ಇನ್ನೊಂದು ಕಡೆ, ಸ್ನೇಹಿತರು ಮತ್ತೊಂದು ಕಡೆ, ಈ ವೃತ್ತಗಳೆಲ್ಲ ಒಂದರ ಮೇಲೊಂದು ಹಾಯುತ್ತವೆ. ಆ ಹಾಯುವಿಕೆಯೇ ನಗರದ ಜೀವ. ಕೊಂಬೆಯ ಹಾಗೆ ಬರೆದ ನಗರಗಳ ಪಟ್ಟಿಯಲ್ಲಿ ಅವರು ಬ್ರೆಸಿಲಿಯಾವನ್ನೂ ಚಂಡೀಗಢವನ್ನೂ ಹೆಸರಿಸಿದ್ದಾರೆ. ಮನುಷ್ಯನ ಮನಸ್ಸು ಸಂಕೀರ್ಣವಾದದ್ದನ್ನು ಒಂದೇ ಸಲಕ್ಕೆ ಹಿಡಿಯಲಾರದೆ ಕೊಂಬೆ ಕೊಂಬೆ ಮಾಡಿಕೊಳ್ಳುತ್ತದೆ ಅನ್ನುವುದು ಅವರ ವಿವರಣೆ. ಹಾಗಿದ್ದರೆ ದೋಷ ಒಬ್ಬ ಕೆಟ್ಟ ಯೋಜಕನದ್ದಲ್ಲ, ಒಳ್ಳೆಯವನು ಕೂತರೂ ಇದೇ ಆಗುತ್ತದೆ.

ತಿಳಿವಳಿಕೆಯ ಸಮಸ್ಯೆಯೂ ಇದೆ. 1973ರಲ್ಲಿ ಹೋರ್ಸ್ಟ್ ರಿಟಲ್ ಮತ್ತು ಮೆಲ್ವಿನ್ ವೆಬರ್ ಹೇಳಿದ್ದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ನಗರದ ಸಮಸ್ಯೆಗೆ ಗಣಿತದ ಲೆಕ್ಕದ ಹಾಗೆ ಮುಗಿಯಿತು ಅನ್ನುವ ಕೊನೆ ಇಲ್ಲ. ಪ್ರಯೋಗ ಮಾಡಿ ನೋಡಲೂ ಆಗುವುದಿಲ್ಲ, ಹೆದ್ದಾರಿ ಕಟ್ಟಿದ ಮೇಲೆ ಸರಿ ಬರಲಿಲ್ಲ ಅಂತ ಅಳಿಸುವ ಹಾಗಿಲ್ಲ. ಅಂಥ ಕೆಲಸದಲ್ಲಿ ಮೂವತ್ತು ವರ್ಷದ ಮುಂದಿನದ್ದನ್ನು ಸೈಟು ಸೈಟಿಗೆ ನಿಗದಿ ಮಾಡುವುದಕ್ಕಿಂತ, ಒಂದೊಂದೇ ಸಣ್ಣ ಹೆಜ್ಜೆ ಇಟ್ಟು ನೋಡಿ ತಿದ್ದಿಕೊಳ್ಳುವುದು ಮೇಲು. ಚಾರ್ಲ್ಸ್ ಲಿಂಡ್‌ಬ್ಲಮ್ 1959ರಲ್ಲೇ ಆಡಳಿತದ ಬಗ್ಗೆ ಇದನ್ನು ಹೇಳಿದ್ದರು.

ಈಗ ಪರ ವಾದದವರು ಹೆಮ್ಮೆಯಿಂದ ಎತ್ತಿದ ಯೂಕ್ಲಿಡ್ ತೀರ್ಪಿಗೆ ಬರೋಣ. ಅದು ಬರೀ ಕಾರ್ಖಾನೆಯ ಹೊಗೆಯನ್ನು ದೂರ ಇಡುವ ತೀರ್ಪಾಗಿರಲಿಲ್ಲ. ಬಿಡಿ ಮನೆಗಳ ಬೀದಿಗೆ ಅಪಾರ್ಟ್‌ಮೆಂಟು ಬರುವುದನ್ನು ಆ ತೀರ್ಪು ಪರಾವಲಂಬಿ ಜೀವಿಗೆ ಹೋಲಿಸಿತು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಯಾರು? ಬಿಡಿ ಮನೆ ಕೊಳ್ಳಲು ಆಗದವರು. ಅದಕ್ಕೂ ಮೊದಲು, 1917ರಲ್ಲಿ, ಜನಾಂಗದ ಆಧಾರದ ಮೇಲೆ ಬಡಾವಣೆ ಹಂಚುವುದನ್ನು ಅದೇ ಕೋರ್ಟು ರದ್ದು ಮಾಡಿತ್ತು. ಆಮೇಲೆ ಕಾನೂನಿನಲ್ಲಿ ಜನಾಂಗದ ಹೆಸರು ಬರೆಯಬೇಕಾಗಿಯೇ ಇರಲಿಲ್ಲ. ಸೈಟು ಕನಿಷ್ಠ ಇಷ್ಟು ದೊಡ್ಡದಿರಬೇಕು, ಒಂದು ಸೈಟಿಗೆ ಒಂದೇ ಕುಟುಂಬದ ಮನೆ ಅಂತ ಬರೆದರೆ ಸಾಕು, ಯಾರು ಒಳಗೆ ಯಾರು ಹೊರಗೆ ಅನ್ನುವುದು ತಾನಾಗಿಯೇ ತೀರ್ಮಾನವಾಗುತ್ತಿತ್ತು. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ. ಸೆಟ್‌ಬ್ಯಾಕು (ಸೈಟಿನ ಅಂಚಿನಲ್ಲಿ ಖಾಲಿ ಬಿಡಬೇಕಾದ ಜಾಗ), ಪಾರ್ಕಿಂಗು, ಕನಿಷ್ಠ ಅಳತೆ ಎಲ್ಲವೂ ಓದಲು ಒಳ್ಳೆಯ ನಿಯಮಗಳೇ. ಆದರೆ ಆ ಅಳತೆಯ ಮನೆ ಕೊಳ್ಳಲು ಆಗದವರು ಎಲ್ಲಿಗೆ ಹೋಗಬೇಕು ಅಂತ ನಕ್ಷೆಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಅವರು ನಗರ ಬಿಟ್ಟು ಹೋಗುವುದಿಲ್ಲ. ಅವರ ಮನೆ ಅಕ್ರಮವಾಗುತ್ತದೆ, ಅಷ್ಟೇ.

ಬಣ್ಣ ಬಿಟ್ಟರೆ ಅರಾಜಕತೆ ಅಂತ ಹೆದರಿಸುವವರು ಜಪಾನ್ ನೋಡಬೇಕು. ಅಲ್ಲಿ ದೇಶಕ್ಕೆಲ್ಲ ಸೇರಿ ವಲಯಗಳ ಬಗೆ ಹದಿಮೂರೇ. ಅತ್ಯಂತ ಕಟ್ಟುನಿಟ್ಟಾದ ವಾಸದ ವಲಯದಲ್ಲೂ ಮನೆಯ ಒಂದು ಭಾಗದಲ್ಲಿ 50 ಚದರ ಮೀಟರ್‌ವರೆಗೆ ಸಣ್ಣ ಅಂಗಡಿ ಇಡಬಹುದು. ತೊಂದರೆ ಜಾಸ್ತಿ ಆಗುವ ಬಳಕೆಗೆ ಮೇಲ್ಮಿತಿ ಹಾಕುತ್ತಾರೆ, ಅದಕ್ಕಿಂತ ಕಡಿಮೆ ತೊಂದರೆಯದ್ದು ಬೆರೆಯಬಹುದು. ಬರೀ ಕಾರ್ಖಾನೆಗೇ ಮೀಸಲಾದ ವಲಯ ಬಿಟ್ಟರೆ ಮಿಕ್ಕ ಎಲ್ಲ ಕಡೆ ಮನೆ ಕಟ್ಟಬಹುದು. ಹೊಗೆ ತಡೆಯಲು ಇಷ್ಟು ಸಾಕಾಗುತ್ತದೆ.

ಹೊವಾರ್ಡನ ಭೂಮಿಯ ಬೆಲೆಯ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ, ಅದು ಒಳ್ಳೆಯ ಮಾತು. ಆದರೆ ಅದಕ್ಕೆ ಬೇಕಾದದ್ದು ಜಮೀನಿನ ಸಾಮೂಹಿಕ ಒಡೆತನ ಅಥವಾ ತೆರಿಗೆ, ಬಣ್ಣದ ನಕ್ಷೆಯಲ್ಲ. ಬದಲಿಗೆ, ಬಣ್ಣದ ನಕ್ಷೆಯೇ ಲಾಭ ಹಂಚುವ ಯಂತ್ರವಾಗಿಬಿಟ್ಟಿದೆ. ಕೃಷಿ ಅಂತ ಇದ್ದದ್ದನ್ನು ವಾಸ ಅಂತ ಬದಲಿಸುವ ಒಂದು ಸಹಿಯಿಂದ ಜಮೀನಿನ ಬೆಲೆ ಎಷ್ಟೋ ಪಟ್ಟು ಏರುತ್ತದೆ, ಆ ಸಹಿಗಾಗಿ ಏನೇನು ನಡೆಯುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಪೆರುವಿನ ಒಂದು ಊರು. 1971ರಲ್ಲಿ ಲಿಮಾದ ಹೊರಗೆ ಮನೆಯಿಲ್ಲದ ಸಾವಿರಾರು ಕುಟುಂಬಗಳು ಜಾಗ ಹಿಡಿದು ಕೂತವು. ಗಲಾಟೆ ಆದ ಮೇಲೆ ಸರ್ಕಾರ ಅವರಿಗೆ ಮರಳುಗಾಡಿನಲ್ಲಿ ಜಾಗ ಕೊಟ್ಟಿತು. ಅದೇ ವಿಲ್ಯಾ ಎಲ್ ಸಾಲ್ವದೋರ್. ಅಲ್ಲಿ ಮೊದಲೇ ಗುರುತು ಹಾಕಿದ್ದು ನೇರ ರಸ್ತೆಗಳು, ಸೈಟುಗಳು, ಪ್ರತಿ ಗುಂಪಿನ ನಡುವೆ ಶಾಲೆಗೂ ಆಟಕ್ಕೂ ಬಯಲು, ಒಂದು ಕಡೆ ಉದ್ಯಮಕ್ಕೆ ಜಾಗ. ಮನೆ ಹೇಗಿರಬೇಕು, ಅದರಲ್ಲಿ ಏನು ಮಾಡಬೇಕು ಅನ್ನುವುದು ಮನೆಯವರಿಗೆ ಬಿಟ್ಟದ್ದು. ಮೊದಲು ಚಾಪೆಯ ಗೋಡೆ, ಆಮೇಲೆ ಇಟ್ಟಿಗೆ, ದುಡ್ಡು ಕೂಡಿದಾಗ ಮೇಲೊಂದು ಮಹಡಿ, ಕೆಳಗೆ ಅಂಗಡಿ. ಉದ್ಯಮದ ಜಾಗದಲ್ಲಿ ಸಣ್ಣ ಸಣ್ಣ ಬಡಗಿಗಳು ಸೇರಿ ಅದು ಪೀಠೋಪಕರಣಕ್ಕೆ ಹೆಸರುವಾಸಿಯಾಯಿತು. ನೀರು, ವಿದ್ಯುತ್ತು, ಚರಂಡಿ ಬರಲು ವರ್ಷಗಳೇ ಹಿಡಿದವು, ಅದಕ್ಕಾಗಿ ಅಲ್ಲಿನ ಜನ ಸಂಘ ಕಟ್ಟಿ ಹೋರಾಡಬೇಕಾಯಿತು. ಆದರೆ ಪೈಪು ಬಂದ ದಿನ ಅದನ್ನು ಹೂಳಲು ರಸ್ತೆಯ ಜಾಗ ತಯಾರಾಗಿತ್ತು, ಮತ್ತು ರಸ್ತೆಯ ಎರಡೂ ಬದಿಯ ಮನೆಗಳನ್ನು ಅಕ್ರಮ ಅನ್ನುವ ನಕ್ಷೆ ಯಾರ ಕೈಯಲ್ಲೂ ಇರಲಿಲ್ಲ.